ಅಲ್ಲಾಡದ ನೀರು

ಪುಸ್ತಿಕೆಯಲ್ಲಿ ಹದಿನಾಲ್ಕು ಹಾಳೆಗಳಿದ್ದವು. ಪಾಠಕ್ಕೆ ನಾನು ಬಳಸಿದ್ದು ಹದಿಮೂರು. ಉಳಿದ ಒಂದು ಹಾಳೆ ಮೇಜಿನ ಎಡಗಡೆಯ ಖಾನೆಯಲ್ಲಿ ಸೀಮೆಸುಣ್ಣದ ಡಬ್ಬಿಯ ಕೆಳಗೆ ಬಿದ್ದಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಹಾಳೆ. ಆಮೇಲೆ ಒಂದು ಹಿತ್ತಾಳೆಯ ಚಕ್ರ, ಅದರ ಮೇಲೆ ನನ್ನ ಕೈ. ನಡುವೆ ನಡೆದದ್ದನ್ನು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ. ಕ್ರಮ ತಪ್ಪಿದರೆ ನೆನಪಿನ ತುಂಬ ಹಬೆ ತುಂಬಿಕೊಳ್ಳುತ್ತದೆ, ಏನೂ ಕಾಣುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದೆ ಹೆಂಚಿನ ಮಾಡಿನ ಒಂದು ಉದ್ದನೆಯ ಕೋಣೆಯಲ್ಲಿ ನಮ್ಮ ತರಬೇತಿ ತರಗತಿ ನಡೆಯುತ್ತಿತ್ತು. ಸುತ್ತಲಿನ ಸಣ್ಣ ಕಾರ್ಖಾನೆಗಳ ಹನ್ನೆರಡು ಮಂದಿ ಸೂಪರ್‌ವೈಸರುಗಳು ಶನಿವಾರ ಮಧ್ಯಾಹ್ನ ಎರಡಕ್ಕೆ ಬಂದು ಆರರವರೆಗೆ ಕೂರುತ್ತಿದ್ದರು. ನಾನು ವಾಣಿಜ್ಯದ ಪದವೀಧರೆ. ಉತ್ಪಾದನೆಯ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ. ವಾರವಿಡೀ ಯಂತ್ರಗಳ ಸದ್ದಿನಲ್ಲಿದ್ದು ಬಂದವರು ನನ್ನ ಕೋಷ್ಟಕಗಳ ಮುಂದೆ ಕುಳಿತ ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ನನಗೂ ನಿದ್ದೆ ಬರುತ್ತಿತ್ತು.

ಆಗ ನಮ್ಮ ಪ್ರಾಂಶುಪಾಲರು ವಿದೇಶದಲ್ಲಿ ಆರು ತಿಂಗಳು ಓದಿ ಹಿಂತಿರುಗಿದರು. ಅವರ ಪೆಟ್ಟಿಗೆಯಲ್ಲಿ ಬಂದದ್ದು ಆ ಪುಸ್ತಿಕೆ, ವ್ಯಾಪಾರದ ಆಟ. ಅಲ್ಲಿ ಅದನ್ನು ದೊಡ್ಡ ದೊಡ್ಡ ಅಧಿಕಾರಿಗಳು ಮಕ್ಕಳ ಹಾಗೆ ಕುಳಿತು ಆಡುತ್ತಾರಂತೆ. ಸ್ಟೆನ್ಸಿಲ್ ಕೊಯ್ದು ಪ್ರತಿ ತೆಗೆಸಿ ನನ್ನ ಕೈಗಿಟ್ಟು, "ನೋಡಿಮ್ಮಾ, ಇದರಲ್ಲಿ ಯಾರೂ ನಿದ್ದೆ ಮಾಡಲ್ಲ" ಎಂದರು.

ಆಟ ಹೀಗಿತ್ತು. ತರಗತಿಯನ್ನು ನಾಲ್ಕು ನಾಲ್ಕು ಜನರ ಮೂರು ಕಂಪನಿಗಳಾಗಿ ಒಡೆಯುವುದು. ಮೂರೂ ತಗಡಿನ ಬಕೆಟ್ ಮಾಡುವ ಕಂಪನಿಗಳು. ಒಂದು ಸುತ್ತು ಎಂದರೆ ಮೂರು ತಿಂಗಳು. ಅರ್ಧ ಗಂಟೆಯಲ್ಲಿ ಪ್ರತಿ ಕಂಪನಿಯೂ ಒಂದು ನಮೂನೆ ತುಂಬಿ ಕೊಡಬೇಕು: ಎಷ್ಟು ಬಕೆಟ್ ಮಾಡುತ್ತೀರಿ, ಬೆಲೆ ಏನು, ಜಾಹೀರಾತಿಗೆ ಎಷ್ಟು, ಯಂತ್ರದ ದುರಸ್ತಿಗೆ ಎಷ್ಟು. ನಾನು ಕೈಹಿಡಿ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಮೂರೂ ನಮೂನೆಗಳನ್ನು ಹೊಂದಿಸಿ, ಯಾರ ಬಕೆಟ್ ಎಷ್ಟು ಮಾರಾಟವಾಯಿತೆಂದು ಕಪ್ಪುಹಲಗೆಯ ಮೇಲೆ ಬರೆಯಬೇಕು. ಆಮೇಲೆ ಮುಂದಿನ ಮೂರು ತಿಂಗಳು.

ಹದಿನಾಲ್ಕನೇ ಹಾಳೆ ಆಕಸ್ಮಿಕಗಳದ್ದು. ದುರಸ್ತಿ ತಪ್ಪಿಸಿದ ಕಂಪನಿಗೆ ದಾಳ ಹಾಕಿ, ಎಷ್ಟು ಸುತ್ತಿನಿಂದ ತಪ್ಪಿಸಿದೆ ಎಂದು ನೋಡಿ, ಮೂರು ಕಾಲಮ್ಮಿನ ಕೋಷ್ಟಕದಲ್ಲಿ ಹುಡುಕಿ, ಯಂತ್ರ ಕೆಟ್ಟಿತೋ ಇಲ್ಲವೋ ಎಂದು ತೀರ್ಮಾನಿಸಬೇಕಿತ್ತು. ಸ್ಟೆನ್ಸಿಲ್‌ನ ಮಸಿ ಹರಡಿ ಆ ಕೋಷ್ಟಕ ಅರ್ಧ ಓದಲಾಗುತ್ತಿರಲಿಲ್ಲ. ಮೊದಲ ಶನಿವಾರ ಅದನ್ನೂ ಸೇರಿಸಿ ಲೆಕ್ಕ ಹಾಕಿದೆ. ಒಂದು ಸುತ್ತಿನ ಲೆಕ್ಕಕ್ಕೇ ನಲವತ್ತು ನಿಮಿಷ ಹಿಡಿಯಿತು. ಟೀ ಬಂದು ಆರಿತು. ಹಿಂದಿನ ಬೆಂಚಿನವರು ಬೀಡಿ ಸೇದಲು ಹೊರಗೆ ಹೋದವರು ಒಳಗೆ ಬರಲಿಲ್ಲ. ಪ್ರಾಂಶುಪಾಲರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ಮರುವಾರ ನಾನು ಗುಂಡುಪಿನ್ನು ಕಿತ್ತು ಆ ಹಾಳೆಯನ್ನು ಖಾನೆಗೆ ಹಾಕಿದೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಆಮೇಲೆ ಆಟ ನೀರಿನ ಮೇಲೆ ದೋಣಿಯಂತೆ ಸಾಗಿತು. ಟೀ ಕುಡಿದು ಮುಗಿಸುವಷ್ಟರಲ್ಲಿ ಫಲಿತಾಂಶ ಹಲಗೆಯ ಮೇಲಿರುತ್ತಿತ್ತು. ಆ ಮಧ್ಯಾಹ್ನಗಳನ್ನು ಹೇಗೆ ವಿವರಿಸಲಿ? ಕಿಟಕಿಯಾಚೆ ಗೂಡ್ಸ್ ಡಬ್ಬಿಗಳು ನಿಧಾನವಾಗಿ ಒಂದನ್ನೊಂದು ತಾಕುತ್ತಿದ್ದವು. ಒಳಗೆ ಮಳೆಗಾಲ ಬಂದು ಹೋಗುತ್ತಿತ್ತು, ದೀಪಾವಳಿ ಬಂದು ಹೋಗುತ್ತಿತ್ತು, ಇಲ್ಲದ ಬಕೆಟ್ಟುಗಳು ಇಲ್ಲದ ಊರುಗಳಲ್ಲಿ ಮಾರಾಟವಾಗುತ್ತಿದ್ದವು. ಆರು ಗಂಟೆಗೆ ಹೊರಗೆ ಬಂದರೆ ನಾವೆಲ್ಲ ಒಂದೂವರೆ ವರ್ಷ ದೊಡ್ಡವರಾಗಿರುತ್ತಿದ್ದೆವು. ಬಿಸಿಲು ಮಾತ್ರ ಎದುರಿನ ಗೋಡೆಯಿಂದ ಬೇವಿನ ಮರಕ್ಕೆ ಸರಿದಿರುತ್ತಿತ್ತು. ಹೆಬ್ಬಾಳದ ಮನೆಗೆ ಬಸ್ಸಿನಲ್ಲಿ ಹೋಗುವಾಗ ಕೆರೆಯ ಮೇಲೆ ಸಂಜೆಯ ಮಂಜು ನೋಡುತ್ತ, ಇದು ಯಾವ ವರ್ಷ ಎಂದು ನಿಜವಾಗಿಯೂ ಒಂದು ಕ್ಷಣ ಮರೆಯುತ್ತಿದ್ದೆ.

ಎರಡನೇ ಕಂಪನಿಯಲ್ಲಿ ನಾಗಸಂದ್ರದ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಸೂಪರ್‌ವೈಸರ್ ಇದ್ದರು. ಮೂವತ್ತರ ವಯಸ್ಸು, ಇಸ್ತ್ರಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಉಗುರಿನ ಸಂದಿಯಲ್ಲಿ ಮಾತ್ರ ಯಾವಾಗಲೂ ನೀಲಿ. ತರಗತಿಯಲ್ಲಿ ಎಲ್ಲರಿಗಿಂತ ಚುರುಕು, ಎಲ್ಲರನ್ನೂ ನಗಿಸುವವರು. ಎರಡನೇ ಶನಿವಾರ ಅವರು ಕೈಯೆತ್ತಿ ಕೇಳಿದರು.

"ಮೇಡಂ, ದುರಸ್ತಿ ಕಾಲಮ್ಮಿಗೆ ಸೊನ್ನೆ ಹಾಕಿದ್ರೆ ಏನಾಗುತ್ತೆ?"

ನಾನು ಲೆಕ್ಕದ ಯಂತ್ರದಿಂದ ತಲೆಯೆತ್ತದೆ ಹೇಳಿದೆ. "ಏನೂ ಆಗೋದಿಲ್ಲ."

"ಏನೂ ಇಲ್ವಾ?"

"ಇಲ್ಲ. ಹಾಕಿ."

ಪಕ್ಕದ ಕಂಪನಿಯಿಂದ ಶೆಟ್ಟಿಹಳ್ಳಿಯ ಮರದ ಕಾರ್ಖಾನೆಯವರು, "ಏನ್ ಗುರುವೇ, ಟೀಚರಮ್ಮನ್ನ ಕೇಳಿ ಕದೀತೀಯಲ್ಲೋ" ಎಂದರು. ಎಲ್ಲರೂ ನಕ್ಕರು. ಆ ದಿನ ಎರಡನೇ ಕಂಪನಿ ಗೆದ್ದಿತು. ಅದರ ಮುಂದಿನ ವಾರವೂ ಗೆದ್ದಿತು. ನಾಲ್ಕನೇ ಶನಿವಾರದ ಹೊತ್ತಿಗೆ ಮೂರೂ ಕಂಪನಿಗಳು ದುರಸ್ತಿಗೆ ಸೊನ್ನೆ ಹಾಕುತ್ತಿದ್ದವು. ಹಲಗೆಯ ಮೇಲೆ ಸಾಲಾಗಿ ಸೊನ್ನೆಗಳು, ಮುತ್ತು ಪೋಣಿಸಿದ ಹಾಗೆ.

ಅದೇ ವಾರಗಳಲ್ಲಿ ಬಾಗಿಲ ಬಳಿ ಒಬ್ಬರು ಬಂದು ನಿಲ್ಲತೊಡಗಿದರು. ಐವತ್ತು ದಾಟಿದ ವಯಸ್ಸು, ಮಂಡಿಯವರೆಗೆ ಖಾಕಿ ಚಡ್ಡಿ, ತೋಳಿನ ಕೂದಲೆಲ್ಲ ಸುಟ್ಟು ಬೋಳು. ನಾಗಸಂದ್ರದಿಂದ ಸೈಕಲ್ ತುಳಿದು ಬಂದಿರುತ್ತಿದ್ದರು. ಬಣ್ಣದ ಕಾರ್ಖಾನೆಯ ಫೈರ್‌ಮನ್. ಬಾಯ್ಲರಿಗೆ ಸೌದೆ ಹಾಕಿ, ನೀರಿನ ಮಟ್ಟ ಕಾಯುವುದು ಅವರ ಕೆಲಸ. ಅದಕ್ಕೆ ಸರ್ಕಾರದ ಪ್ರಮಾಣಪತ್ರ ಇತ್ತು. ಆ ಪತ್ರವಿಲ್ಲದೆ ಯಾವ ಕಾರ್ಖಾನೆಯೂ ಅವರನ್ನು ಬಾಯ್ಲರಿನ ಹತ್ತಿರ ಸೇರಿಸುವುದಿಲ್ಲ.

"ಸಾ, ಚೀಟಿ ಬೇಕಾಗಿತ್ತು. ತೊಳ್ಯಾಕೆ."

ಆ ಕಾರ್ಖಾನೆಯ ಪದ್ಧತಿ ನನಗೆ ಆಮೇಲೆ ತಿಳಿಯಿತು. ಶನಿವಾರ ಮಧ್ಯಾಹ್ನ ಬೆಂಕಿ ಆರಿಸಿ, ಬಾಯ್ಲರ್ ತಣ್ಣಗಾದ ಮೇಲೆ ಒಳಗಿನ ಗಸಿ ತೆಗೆದು ತೊಳೆಯುತ್ತಿದ್ದರು. ಅಲ್ಲಿಯ ಬಾವಿಯ ನೀರು ಗಡಸು. ಕುದಿದಷ್ಟೂ ಸುಣ್ಣದಂಥ ಗಸಿ ಕೂರುತ್ತದೆ. ನಲ್ಲಿಗಳು ಸೋರದಂತೆ ಹೊಸ ದಾರ ಸುತ್ತುವುದೂ ಆಗಲೇ. ಬೆಂಕಿ ಆರಿಸಬೇಕಾದರೆ ಸೂಪರ್‌ವೈಸರ್ ಸಹಿ ಮಾಡಿದ ಚೀಟಿ ಬೇಕು. ಚೀಟಿ ಇಲ್ಲವಾದರೆ ಬಾಯ್ಲರ್ ಉರಿಯುತ್ತಲೇ ಇರಬೇಕು.

"ಐದು ನಿಮಿಷ ಹೊರಗೆ ನಿಂತಿರಿ. ಸುತ್ತು ಮುಗೀಲಿ" ಎಂದೆ ನಾನು. ಮೂರು ಶನಿವಾರವೂ ಅದೇ ಮಾತು ಹೇಳಿದೆ. ಅವರು ಕಿಟಕಿಯ ಹೊರಗೆ ನಿಂತು ಹಲಗೆಯ ಮೇಲಿನ ಸೊನ್ನೆಗಳನ್ನು ನೋಡುತ್ತಿದ್ದರು. ಸುತ್ತು ಮುಗಿದ ಮೇಲೆ ಬಣ್ಣದ ಕಾರ್ಖಾನೆಯ ಸೂಪರ್‌ವೈಸರ್ ಬಾಗಿಲಿಗೆ ಹೋಗುತ್ತಿದ್ದರು. ಕೋಣೆ ಚಿಕ್ಕದು, ಮಾತು ಕೇಳಿಸುತ್ತಿತ್ತು.

"ಈ ವಾರ ಬೇಡ ಕಣ್ರೀ. ನಡೀಲಿ."

"ಓದ್ ವಾರಾನೂ ಇಂಗೇ ಅಂದ್ರಿ. ನೀರ್ ನೋಡೋ ಗಾಜಿನ ನಲ್ಲಿ ಬ್ಯಾರೆ ಸೋರ್ತದೆ. ತಿರುವಿದ್ರೆ ನಿಲ್ಲಾಕಿಲ್ಲ."

"ತಿರುಗ್ಸಬೇಡಿ ಹಾಗಾದ್ರೆ. ಅದಷ್ಟಕ್ಕೆ ಅದು ಇರುತ್ತೆ. ಇನ್ನೊಂದು ತಿಂಗಳಾದ್ಮೇಲೆ ಒಂದೇ ಸಲ ಮಾಡ್ಸೋಣ."

ಫೈರ್‌ಮನ್ ಸೈಕಲ್ ಹತ್ತಿ ಹೋಗುತ್ತಿದ್ದರು. ಸೂಪರ್‌ವೈಸರ್ ಒಳಗೆ ಬಂದು ಕುಳಿತು, "ಎಲ್ಲಿದ್ವಿ? ಯುಗಾದಿ ಬಂತಾ?" ಎನ್ನುತ್ತಿದ್ದರು. ನಗು. ನಾನು ಹಿಡಿ ತಿರುಗಿಸುತ್ತಿದ್ದೆ. ಆ ಎರಡು ಸಂಗತಿಗಳು ಒಂದೇ ಕೋಣೆಯಲ್ಲಿ, ಒಂದೇ ಗಂಟೆಯಲ್ಲಿ ನಡೆದರೂ ನನ್ನ ತಲೆಯಲ್ಲಿ ಒಂದನ್ನೊಂದು ತಾಕಲೇ ಇಲ್ಲ.

ಶನಿವಾರವೂ ನಿಲ್ಲದೆ ಓಡಿದ್ದರಿಂದ ಕಾರ್ಖಾನೆಯಲ್ಲಿ ಹೆಚ್ಚು ನೂಲಿಗೆ ಬಣ್ಣವಾಯಿತು. ಮಾಲೀಕರು ಸಂತೋಷಪಟ್ಟು ಇಡೀ ತರಗತಿಯನ್ನು ಕಾರ್ಖಾನೆ ನೋಡಲು ಕರೆದರು. ಪ್ರಾಂಶುಪಾಲರು ಹಿಗ್ಗಿದರು. ಹಾಗೆ ಐದನೇ ಶನಿವಾರ ನಾವು ಹದಿಮೂರು ಜನ ತುಮಕೂರು ರಸ್ತೆಯಲ್ಲಿ ಬಸ್ಸಿಳಿದು, ರಾಗಿ ಹೊಲದ ಬದುವಿನ ಮೇಲೆ ನಡೆದು ಹೋದೆವು.

ಕಾರ್ಖಾನೆಯ ಹೊರಗಿನ ಚರಂಡಿಯಲ್ಲಿ ಅವತ್ತು ಕುಂಕುಮದ ಬಣ್ಣದ ನೀರು ಹರಿಯುತ್ತಿತ್ತು. ಒಳಗೆ ಹಂಡೆಗಳಿಂದ ಹಬೆ ಏಳುತ್ತಿತ್ತು. ಒದ್ದೆ ನೂಲಿನ ಲಡಿಗಳು ಬಿದಿರಿನ ಮೇಲೆ ತೂಗಾಡುತ್ತಿದ್ದವು. ಹಳದಿ, ಹಸಿರು, ಕಡುನೀಲಿ. ಹಬೆಯ ನಡುವೆ ಜನರು ಅರ್ಧ ಅರ್ಧ ಕಾಣುತ್ತಿದ್ದರು, ಒಂದು ಕೈ, ಒಂದು ಭುಜ. ಎಲ್ಲವೂ ಬೇರೆ ಯಾರೋ ಕಾಣುತ್ತಿರುವ ಕನಸಿನಂತಿತ್ತು. ನಾನು ಅದರೊಳಗೆ ಸೀರೆಯ ಸೆರಗು ಎತ್ತಿ ಹಿಡಿದು ನಡೆದೆ.

ಬಾಯ್ಲರ್ ಮನೆ ಹಿಂಭಾಗದಲ್ಲಿತ್ತು. ಫೈರ್‌ಮನ್ ಅಲ್ಲಿರಲಿಲ್ಲ. ಅತಿಥಿಗಳಿಗೆ ಕೂರಲು ಬೆಂಚು ಬೇಕೆಂದು ಸೂಪರ್‌ವೈಸರ್ ಅವರನ್ನೇ ಮಾಲೀಕರ ಮನೆಗೆ ಕಳಿಸಿದ್ದರು. ಬಾಯ್ಲರಿನ ಮುಖಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು, ಒಣಗಿದ ಸೇವಂತಿಗೆ ಹಾರ ಇತ್ತು. ಮೈಗೆ ಎರಡು ಗಾಜಿನ ನಳಿಗೆಗಳು. ಒಂದು ಒಡೆದು ಅದರ ನಲ್ಲಿ ಮುಚ್ಚಿತ್ತು. ಇನ್ನೊಂದರಲ್ಲಿ ಅರ್ಧದವರೆಗೆ ನೀರು ನಿಂತಿತ್ತು. ಒಳಗೆ ಎಷ್ಟು ನೀರಿದೆಯೋ ಗಾಜಿನಲ್ಲಿಯೂ ಅಷ್ಟೇ ಕಾಣುತ್ತದೆ ಎಂದು ಸೂಪರ್‌ವೈಸರ್ ವಿವರಿಸಿದರು.

ನಾನು ಹತ್ತಿರ ಹೋಗಿ ನೋಡಿದೆ. ಅಷ್ಟು ಬೆಂಕಿ, ಅಷ್ಟು ಸದ್ದು, ಅದರ ನಡುವೆ ಆ ಬೆರಳು ದಪ್ಪದ ನೀರು ಒಂದಿಷ್ಟೂ ಅಲುಗದೆ ನಿಂತಿತ್ತು. ಮುಂಜಾನೆಯ ಹೆಬ್ಬಾಳ ಕೆರೆಯ ಹಾಗೆ.

"ಎಷ್ಟು ಶಾಂತವಾಗಿದೆ" ಎಂದೆ.

"ನಮ್ಮ ಬಾಯ್ಲರ್ ಸಾಧು ಕಣ್ರೀ ಮೇಡಂ. ನಾಲ್ಕು ವಾರದಿಂದ ದುರಸ್ತಿಗೆ ಸೊನ್ನೆ. ನೀವು ಹೇಳಿದ್ರಲ್ಲ, ಏನೂ ಆಗೋದಿಲ್ಲ ಅಂತ" ಎಂದು ಅವರು ನಕ್ಕರು. ಅವರ ನಗುವಿನಲ್ಲಿ ವ್ಯಂಗ್ಯವಿರಲಿಲ್ಲ. ಪಾಠ ಕಲಿತ ವಿದ್ಯಾರ್ಥಿಯ ಸಂತೋಷವಿತ್ತು.

ಖಾನೆಯೊಳಗಿನ ಹಾಳೆ ಕಣ್ಣ ಮುಂದೆ ಬಂತು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಫೈರ್‌ಮನ್ ತಲೆಯ ಮೇಲೆ ಬೆಂಚು ಹೊತ್ತು ಬಾಗಿಲಿಗೆ ಬಂದರು. ಅಲ್ಲಿಂದಲೇ ಗಾಜು ನೋಡಿದರು. ಬೆಂಚನ್ನು ಮೆಲ್ಲಗೆ ಕೆಳಗಿಟ್ಟರು.

"ನೀರು ಅಲ್ಲಾಡ್ತಾ ಇಲ್ಲ" ಎಂದರು.

"ಅಲ್ಲಾಡದೆ ಇದ್ರೆ ಒಳ್ಳೇದಲ್ವೇನ್ರೀ" ಎಂದು ಶೆಟ್ಟಿಹಳ್ಳಿಯವರು ಅಂದರು.

ಫೈರ್‌ಮನ್ ನೇರ ಬಾಯ್ಲರಿನ ಹತ್ತಿರ ಹೋದರು. ಮುಟ್ಟಬೇಡವೆಂದು ಹೇಳಿಸಿಕೊಂಡಿದ್ದ, ಗಾಜಿನ ಕೆಳಗಿನ ಆ ನಲ್ಲಿಯನ್ನು ತಿರುಗಿಸಿದರು. ಗಾಜಿನ ನೀರು ಚೊರ್ರೆಂದು ಹೊರಗೆ ಬಿತ್ತು. ನಲ್ಲಿ ಮುಚ್ಚಿದರು. ಒಳಗೆ ನೀರಿದ್ದರೆ ಅದು ತಕ್ಷಣ ಗಾಜಿಗೆ ನೆಗೆದು ಬರಬೇಕು, ಬಂದು ಕುಣಿಯುತ್ತಿರಬೇಕು. ಬರಲಿಲ್ಲ. ಗಾಜು ಖಾಲಿ. ಕೆಳಗಿನ ದಾರಿಯಲ್ಲಿ ಗಸಿ ಕಟ್ಟಿಕೊಂಡು ನಾವು ನೋಡುತ್ತಿದ್ದದ್ದು ಯಾವಾಗಲೋ ಸಿಕ್ಕಿಬಿದ್ದ ಹಳೆಯ ನೀರು. ಒಳಗಿನ ನೀರು ಕುಲುಮೆಯ ತಗಡಿಗಿಂತ ಕೆಳಗೆ ಇಳಿದಿತ್ತು. ತಗಡು ಬೆಂಕಿಯ ಮೇಲೆ ಬರಿದಾಗಿ ಕಾಯುತ್ತಿತ್ತು.

ಇದೆಲ್ಲ ಆಮೇಲೆ ಅರ್ಥವಾದದ್ದು. ಆಗ ಕಂಡದ್ದು ಸೂಪರ್‌ವೈಸರ್ ಮುಖ ಬೂದಿಯಾದದ್ದು ಮಾತ್ರ.

"ನೀರು ಬಿಡಿ. ಮೇಡಂ, ನಿಮ್ಮ ಪಕ್ಕದ ಚಕ್ರ, ತಿರುಗ್ಸಿ. ಬೇಗ, ನೀರು ಬಿಡಿ."

ನನ್ನ ಬಲಗಡೆ ಹಿತ್ತಾಳೆಯ ಚಕ್ರವಿತ್ತು. ಅದನ್ನು ತಿರುಗಿಸಿದರೆ ಪಂಪು ಓಡಿ ಬಾವಿಯ ತಣ್ಣೀರು ಒಳಗೆ ನುಗ್ಗುತ್ತದೆ. ನೀರು ಕಡಿಮೆಯಾಗಿದೆ, ನೀರು ಬಿಡಬೇಕು. ಇದಕ್ಕಿಂತ ಸರಳವಾದ ಲೆಕ್ಕ ಯಾವುದು? ನಾನು ಚಕ್ರ ಹಿಡಿದೆ. ಅದು ಬೆಚ್ಚಗಿತ್ತು. ತಿರುಗಿಸಿದೆ. ಬಿಗಿಯಾಗಿತ್ತು. ಎರಡು ಬೆರಳಿನಷ್ಟು ಸರಿಯಿತು, ಪಂಪು ಇನ್ನೂ ಓಡಲಿಲ್ಲ.

"ಅಮ್ಮಾ, ಕೈ ತಗೀರಿ."

ಫೈರ್‌ಮನ್ ಕೂಗಲಿಲ್ಲ. ಮಗುವಿನ ಕೈಯಿಂದ ಗಾಜಿನ ಲೋಟ ಇಸಿದುಕೊಳ್ಳುವವರ ದನಿ.

"ತಿರುಗ್ಸಿ ಮೇಡಂ" ಎಂದರು ಸೂಪರ್‌ವೈಸರ್.

"ತಗೀರಮ್ಮ. ಆಮ್ಯಾಕೆ ಯೋಳ್ತೀನಿ."

ನಾನು ಇಷ್ಟು ವರ್ಷ ಮತ್ತೆ ಮತ್ತೆ ಹಿಂತಿರುಗುವುದು ಈ ಜಾಗಕ್ಕೆ. ಒಂದು ಕಡೆ ನನ್ನ ತರಗತಿಯ ಗೆದ್ದ ವಿದ್ಯಾರ್ಥಿ. ಇನ್ನೊಂದು ಕಡೆ ನಾನು ಮೂರು ಸಲ ಹೊರಗೆ ನಿಲ್ಲಿಸಿದವರು. ಹಬೆ ನನ್ನ ಕನ್ನಡಕದ ಮೇಲೆ ಕೂತಿತ್ತು. ಯಾರ ಮುಖವೂ ಕಾಣುತ್ತಿರಲಿಲ್ಲ, ದನಿಗಳು ಮಾತ್ರ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಕೆಲವೊಮ್ಮೆ ಒಂದು ಇಡೀ ಸುತ್ತು, ಮೂರು ತಿಂಗಳು, ಎನ್ನಿಸುತ್ತದೆ. ಆಮೇಲೆ ಚಕ್ರವನ್ನು ಎರಡು ಬೆರಳಿನಷ್ಟು ಹಿಂದಕ್ಕೆ ತಿರುಗಿಸಿ ಕೈ ತೆಗೆದೆ.

ಫೈರ್‌ಮನ್ ಹೊಗೆಯ ದಾರಿಯ ಬಾಗಿಲು ಮುಚ್ಚಿದರು. ಒಲೆಯ ಬಾಯಿಗೆ ಒದ್ದೆ ಬೂದಿಯನ್ನು ಗುದ್ದಲಿಯಿಂದ ತುಂಬಿದರು. "ಎಲ್ರೂ ಆಚೀಕ್ ನಡೀರಿ. ಓಡ್ಬ್ಯಾಡಿ. ಉಣಿಸೇ ಮರದತ್ರ ಓಗಿ" ಎಂದರು. ನಾವು ಹೋದೆವು. ಹಂಡೆಯ ಕೆಲಸದವರೂ ಬಂದರು. ಎಲ್ಲರ ಕೈಯೂ ಮೊಣಕೈವರೆಗೆ ಒಂದೊಂದು ಬಣ್ಣ. ಮರದ ಕೆಳಗೆ ಮೂರು ಗಂಟೆ ಕುಳಿತೆವು. ಕಾದ ತಗಡಿನ ಮೇಲೆ ತಣ್ಣೀರು ಬಿದ್ದಿದ್ದರೆ ಬಾಯ್ಲರ್ ಒಡೆದು ಮಾಡು ಹಾರಿ ನಮ್ಮನ್ನೆಲ್ಲ ಹೊಲದ ತುಂಬ ಹರಡುತ್ತಿತ್ತೆಂದು ಫೈರ್‌ಮನ್ ಆಮೇಲೆ ಹೇಳಿದರು. ನೀರು ಇಳಿದಾಗ ಕರಗಿ ಎಚ್ಚರಿಸಬೇಕಿದ್ದ ಸೀಸದ ಬಿರಡೆಯ ಮೇಲೂ ಗಸಿ ಕೂತಿತ್ತಂತೆ.

ಸೋಮವಾರ ಬಾಯ್ಲರಿನ ಸರ್ಕಾರಿ ಇನ್‌ಸ್ಪೆಕ್ಟರ್ ಬರುವರೆಂದು ತಿಳಿಯಿತು. ಭಾನುವಾರ ಬೆಳಿಗ್ಗೆ ಮಾಲೀಕರ ಕಡೆಯಿಂದ ಟೈಪು ಮಾಡಿದ ಒಂದು ಹೇಳಿಕೆ ನನ್ನ ಮನೆಗೆ ಬಂತು. ಫೈರ್‌ಮನ್ ತನ್ನ ಜಾಗ ಬಿಟ್ಟು ಹೋಗಿದ್ದ, ನೀರಿನ ಮಟ್ಟ ನೋಡಲಿಲ್ಲ, ಅತಿಥಿಗಳು ಇದಕ್ಕೆ ಸಾಕ್ಷಿ. ಕೆಳಗೆ ಹನ್ನೊಂದು ಸಹಿ ಆಗಲೇ ಇತ್ತು. ಶೆಟ್ಟಿಹಳ್ಳಿಯವರದೂ ಇತ್ತು. ಎಲ್ಲರಿಗೂ ಒಬ್ಬೊಬ್ಬ ಮಾಲೀಕ. ನಾನು ಸಹಿ ಮಾಡಿದರೆ ಫೈರ್‌ಮನ್‌ರ ಪ್ರಮಾಣಪತ್ರ ಹೋಗುತ್ತದೆ. ಐವತ್ತು ದಾಟಿದವರಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಪ್ರಾಂಶುಪಾಲರನ್ನು ನೋಡಲು ಹೋದೆ. ಅವರು ಕೆಟ್ಟವರಲ್ಲ. ಕಾಫಿ ಕೊಡಿಸಿದರು.

"ಸಹಿ ಮಾಡಬೇಡಿ, ಸರಿ. ಆದ್ರೆ ನೀವಾಗಿ ಏನೂ ಬರೀಬೇಡಿ. ಆಟದ ಸಮಾಚಾರ ಯಾಕಮ್ಮಾ ಅಲ್ಲಿ? ಅದು ಪಾಠ, ಇದು ಬಾಯ್ಲರ್."

"ಹದಿನಾಲ್ಕನೇ ಹಾಳೆ ನಾನು ತೆಗೆದುಬಿಟ್ಟಿದ್ದೆ ಸರ್."

"ಯಾವ ಹಾಳೆ?"

ಹೇಳಿದೆ. ಅವರು ಕಾಫಿ ಲೋಟವನ್ನು ಮೇಜಿನ ಮೇಲಿಟ್ಟರು. "ಯಾರಿಗೂ ಗೊತ್ತಿಲ್ಲವಲ್ಲ" ಎಂದರು. ಅದು ಸಲಹೆಯೋ ಪ್ರಶ್ನೆಯೋ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ನಾಲ್ಕು ಹಾಳೆ ಬರೆದೆ. ಫೈರ್‌ಮನ್ ಮೂರು ಶನಿವಾರ ತೊಳೆಯಲು ಚೀಟಿ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವರನ್ನು ಹೊರಗೆ ನಿಲ್ಲಿಸಿದವಳು ನಾನು. ನಲ್ಲಿ ಮುಟ್ಟಬೇಡವೆಂದು ಹೇಳಿದ್ದನ್ನು ಕೇಳಿದ್ದೇನೆ. ಬೆಂಚು ತರಲು ಅವರನ್ನು ಕಳಿಸಿದ್ದು ನಮಗಾಗಿ. ದುರಸ್ತಿ ತಪ್ಪಿಸಿದರೆ ಏನೂ ಆಗುವುದಿಲ್ಲವೆಂದು ತರಗತಿಯಲ್ಲಿ ಕಲಿಸಿದವಳು ನಾನು. ಚಕ್ರವನ್ನು ಎರಡು ಬೆರಳಿನಷ್ಟು ತಿರುಗಿಸಿದ್ದನ್ನೂ ಬರೆದೆ. ಆಟದ ನಮೂನೆಗಳನ್ನು ಜೊತೆಗಿಟ್ಟೆ. ಖಾನೆಯಿಂದ ಹದಿನಾಲ್ಕನೇ ಹಾಳೆ ತೆಗೆದು ಸೀಮೆಸುಣ್ಣದ ಪುಡಿ ಕೊಡವಿ ಎಲ್ಲಕ್ಕಿಂತ ಮೇಲೆ ಇಟ್ಟೆ.

ಸೋಮವಾರ ಕಾರ್ಖಾನೆಯ ಅಂಗಳದಲ್ಲಿ ಇನ್‌ಸ್ಪೆಕ್ಟರ್ ಎಲ್ಲವನ್ನೂ ನಿಂತುಕೊಂಡೇ ಓದಿದರು. ಒಂದು ನಮೂನೆ ಎತ್ತಿ ಸೂಪರ್‌ವೈಸರಿಗೆ ತೋರಿಸಿ, "ಈ ಸೊನ್ನೆ ನಿಮ್ಮ ಕೈಬರಹಾನಾ?" ಎಂದರು.

"ಅದು ಆಟದ್ದು ಸರ್" ಎಂದರು ಮಾಲೀಕರು.

ಇನ್‌ಸ್ಪೆಕ್ಟರ್ ಅವರ ಕಡೆ ನೋಡಲಿಲ್ಲ. ಸೂಪರ್‌ವೈಸರ್ ತಮ್ಮ ನೀಲಿ ಉಗುರುಗಳನ್ನು ನೋಡಿಕೊಂಡರು. ಅವರಿಗೂ ಹೆಂಡತಿ ಮಕ್ಕಳಿದ್ದರು.

"ನಂದೇ" ಎಂದರು. "ಚೀಟಿನೂ ನಾನೇ ಕೊಡ್ಲಿಲ್ಲ. ಅವರು ಕೇಳಿದ್ರು."

ಫೈರ್‌ಮನ್‌ರ ಪ್ರಮಾಣಪತ್ರ ಉಳಿಯಿತು. ಸೂಪರ್‌ವೈಸರ್ ಆ ಕೆಲಸ ಬಿಟ್ಟು ಊರಿಗೆ ಹೋದರೆಂದು ಕೇಳಿದೆ. ಆಮೇಲೆ ಅವರನ್ನು ನಾನು ನೋಡಲಿಲ್ಲ. ಅವರ ಆ ಒಂದು ಮಾತಿಗೆ ನಾನು ಕೃತಜ್ಞತೆ ಹೇಳಬೇಕಿತ್ತು. ಹೇಳಲಿಲ್ಲ.

ಮುಂದಿನ ತಂಡ ಶುರುವಾಗುವ ಮೊದಲು ನಾಗಸಂದ್ರಕ್ಕೆ ಹೋದೆ. ಶನಿವಾರ ಮಧ್ಯಾಹ್ನ. ಬಾಯ್ಲರ್ ತಣ್ಣಗಿತ್ತು. ಫೈರ್‌ಮನ್ ಹುಣಿಸೆ ಮರದ ಕೆಳಗೆ ಕುಳಿತು ನಲ್ಲಿಗೆ ದಾರ ಸುತ್ತುತ್ತಿದ್ದರು. ಪುಸ್ತಿಕೆಯ ಕೋಷ್ಟಕ ಓದಲಾಗುವುದಿಲ್ಲ, ಹೊಸದು ಮಾಡಬೇಕು, ತೊಳೆಯದ ಬಾಯ್ಲರ್ ಎಷ್ಟನೇ ವಾರಕ್ಕೆ ಕೆಡುತ್ತದೆಂದು ಕೇಳಿದೆ.

"ಅಂಗೆಲ್ಲ ಲೆಕ್ಕ ಇಲ್ಲ ಕಣಮ್ಮ" ಎಂದರು. ನಾನು ಬಿಡಲಿಲ್ಲ. ಅವರು ನೆಲದಿಂದ ಹುಣಿಸೆ ಬೀಜಗಳನ್ನು ಆರಿಸಿ, ಕೆಲವನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದರು. ಹತ್ತು ಬಿಳಿ ಬೀಜ ನನ್ನ ಅಂಗೈಗೆ ಹಾಕಿದರು. "ಒಂದ್ ಕಿತ ತೊಳೀದಿದ್ರೆ ಒಂದ್ ಕರೀ ಬೀಜ ಸೇರ್ಸಿ. ಕಣ್ ಮುಚ್ಕಂಡ್ ಒಂದ್ ತಗೀರಿ. ಕರೀದ್ ಬಂದ್ರೆ ಒಡೀತು."

"ಸರಿ."

"ಇನ್ನೂ ಐತೆ. ಆವತ್ತಿಂದ್ ಬೀಜ ಆವತ್ತೇ ಹಾಕ್ಬ್ಯಾಡಿ. ಮೂರ್ ಸುತ್ತು ಬಿಟ್ಟು ಹಾಕಿ. ಮೊದಲ್ನೇ ವಾರ ಏನೂ ಆಗಾಕಿಲ್ಲ. ಎರಡ್ನೇ ವಾರಾನೂ ಏನೂ ಆಗಾಕಿಲ್ಲ. ಅದೇ ಮೋಸ."

ಹೊಸ ತಂಡದ ಎರಡನೇ ಶನಿವಾರ. ಗೂಡ್ಸ್ ಡಬ್ಬಿಗಳು ಒಂದನ್ನೊಂದು ತಾಕುತ್ತಿದ್ದವು. ಬೀಜ ಎಣಿಸಿ ಹಾಕಿ ತೆಗೆಯುವುದೂ ಸೇರಿ ಸುತ್ತಿನ ಲೆಕ್ಕಕ್ಕೆ ಮತ್ತೆ ನಲವತ್ತು ನಿಮಿಷ ಹಿಡಿಯುತ್ತಿತ್ತು, ಟೀ ಆರುತ್ತಿತ್ತು, ಹಿಂದಿನ ಬೆಂಚು ಗೊಣಗುತ್ತಿತ್ತು. ಸೋಲದೇವನಹಳ್ಳಿಯ ಇಟ್ಟಿಗೆ ಕಾರ್ಖಾನೆಯ ಚುರುಕಿನವರೊಬ್ಬರು ಕೈಯೆತ್ತಿದರು.

"ಮೇಡಂ, ದುರಸ್ತಿಗೆ ಸೊನ್ನೆ ಹಾಕಿದ್ರೆ ಏನಾಗುತ್ತೆ?"

ನಾನು ಲೆಕ್ಕದ ಯಂತ್ರದಿಂದ ಕೈ ತೆಗೆದೆ. ಅಂಗೈ ಬೆಚ್ಚಗಿತ್ತು, ಹಿತ್ತಾಳೆ ಮುಟ್ಟಿದ ಹಾಗೆ. ಅವರ ಮುಖವನ್ನು ಸರಿಯಾಗಿ ನೋಡಿದೆ.

"ಇವತ್ತು ಏನೂ ಆಗೋದಿಲ್ಲ" ಎಂದು ಹೇಳಿ, ಒಂದು ಕರಿಯ ಬೀಜವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಅಂಚಿನಲ್ಲಿಟ್ಟೆ.